ಚರ್ಚಿನಲ್ಲಿ ಮುಳಗಾಯಿ ಹರಾಜು

ನನಗೊಂದು ಕೆಟ್ಟ ಚಾಳಿ ಇದೆ. ನಾಲ್ಕು ಜನ ಕೂತ ಕಡೆ ಯಾರಾದರೂ "ಯಾರು ಮಾಡ್ತೀರಿ?" ಅಂತ ಕೇಳಿದರೆ ಸಾಕು, ನನ್ನ ಬಲಗೈ ಮೇಲೆ ಹೋಗಿಬಿಡುತ್ತದೆ. ಕೇಳಿದ್ದು ಏನು ಅಂತ ತಲೆಗೆ ತಿಳಿಯುವುದು ಆಮೇಲೆ. ಮೊನ್ನೆ ನಾನು ಕೆಲಸ ಮಾಡುವ ಟೈರ್ ಅಂಗಡಿಯಲ್ಲಿ ಮಾಲೀಕ ಶನಿವಾರ ಯಾರು ಬರುತ್ತೀರಿ ಅಂದ. ಶನಿವಾರ ನನಗೆ ರಜೆ. ಆದರೂ ಕೈ ಮೇಲೆ. ಮನೆಗೆ ಬಂದು ಹೇಳಿದರೆ ಅಕ್ಕ ರೊಟ್ಟಿ ಬಡಿಯುತ್ತ, "ಆ ಕೈಗೆ ಒಂದು ಕಲ್ಲು ಕಟ್ಕೊಳ್ಳೋ ಸಾಮ್ಯಾ" ಅಂದಳು. ಅಂದವಳು ತಾನೇ ನಕ್ಕಳು. ನಾನೂ ನಕ್ಕೆ. ಮೂರು ಬೇಸಿಗೆಯ ಹಿಂದೆ ಇದೇ ಕೈಯ ಮೇಲೆ ಅವಳು ಎಷ್ಟು ಸಿಟ್ಟಾಗಿದ್ದಳು ಅಂತ ನನಗೆ ಗೊತ್ತು, ಅವಳಿಗೂ ಗೊತ್ತು.

ಇದು ಅಮೆರಿಕಕ್ಕೆ ಬಂದು ಕಲಿತ ಚಾಳಿ ಅಲ್ಲ. ಬೆಟಗೇರಿಯಿಂದ ತಂದದ್ದು.

ನಮ್ಮದು ಬೆಟಗೇರಿಯ ಹಳೇ ಮಿಷನ್ ಓಣಿಯ ಮನೆ. ಅಪ್ಪ ಮಗ್ಗದ ಕೆಲಸದವರು. ವರ್ಷಕ್ಕೊಮ್ಮೆ ಚರ್ಚಿನಲ್ಲಿ ಸುಗ್ಗಿ ಹಬ್ಬ. ಜನ ತಂತಮ್ಮ ಹೊಲದ್ದು, ಹಿತ್ತಲದ್ದು ಏನಾದರೂ ತಂದು ಪೀಠದ ಮುಂದೆ ಇಡುತ್ತಿದ್ದರು. ಜೋಳದ ತೆನೆ, ಶೇಂಗಾ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲದರ ಹರಾಜು. ನಮ್ಮ ಕಡೆ ಅದಕ್ಕೆ ಸವಾಲು ಅಂತಾರೆ. ಸವಾಲು ಕೂಗುವವರು ನಮ್ಮಪ್ಪ. ಅವರ ಗಂಟಲಿಗೆ ಮೈಕು ಬೇಡ. "ಒಂದನೇ ಸಲ! ಎರಡನೇ ಸಲ!" ಅಂದರೆ ಗದಗಿನ ಸ್ಟೇಷನ್ನಿನಲ್ಲಿ ಇಳಿದವರಿಗೆ ಕೇಳಿಸುತ್ತದೆ ಅಂತ ಓಣಿಯವರು ಚಾಷ್ಟಿ ಮಾಡುತ್ತಿದ್ದರು.

ಆ ಹರಾಜಿನಲ್ಲಿ ಒಂದು ಪದ್ಧತಿ ಇತ್ತು. ಒಂದು ಮೊಟ್ಟೆಯನ್ನು ಒಬ್ಬ ಕೊಳ್ಳುತ್ತಾನೆ. ಕೊಂಡವನು ಮನೆಗೆ ಒಯ್ಯುವುದಿಲ್ಲ. "ಮತ್ತ ಇಡ್ರಿ ಸವಾಲಿಗೆ" ಅಂತ ವಾಪಸ್ ಕೊಡುತ್ತಾನೆ. ಇನ್ನೊಬ್ಬ ಕೊಳ್ಳುತ್ತಾನೆ, ಅವನೂ ವಾಪಸ್. ಒಂದೇ ಮೊಟ್ಟೆ ಇಡೀ ಸಭೆ ಸುತ್ತಿ ಬರುತ್ತಿತ್ತು. ಪುಣ್ಯಕ್ಕೆ ಅಂತ ದೊಡ್ಡವರು ಹೇಳುತ್ತಿದ್ದರು. ನನ್ನ ಲೆಕ್ಕದಲ್ಲಿ ಮಜಾಕ್ಕೆ.

ಒಂದು ಸಲ ನಾನು ತಲೆ ತುರಿಸಿಕೊಳ್ಳಲು ಕೈ ಎತ್ತಿದೆ. ಅಪ್ಪ ಮಗ ಅಂತ ನೋಡಲಿಲ್ಲ. "ಮೂರನೇ ಸಲ!" ಅಂದುಬಿಟ್ಟರು. ನನ್ನಷ್ಟೇ ದಪ್ಪದ ಕುಂಬಳಕಾಯಿ ನಮ್ಮ ಮನೆಗೆ ಬಂತು. ಅವ್ವ ಅದನ್ನು ಪಲ್ಯ ಮಾಡಿದಳು, ಸಾರು ಮಾಡಿದಳು, ಕಡುಬು ಮಾಡಿದಳು. ಕಡೆಗೆ ಆಕಳೂ ಮುಖ ತಿರುಗಿಸಿತು. ಬುದ್ಧಿ ಬರಬೇಕಿತ್ತು, ಬರಲಿಲ್ಲ. ಬುದ್ಧಿ ಬಂದಿದ್ದರೆ ಏಳನೇ ಇಯತ್ತೆ ಪಾಸಾಗುತ್ತಿದ್ದೆ.

ಅಕ್ಕನ ಹೆಸರು ಸುಗುಣಾ. ನರ್ಸು. ಅವಳೇ ಮೊದಲು ಇಲ್ಲಿಗೆ ಬಂದವಳು, ಆಮೇಲೆ ನನ್ನನ್ನು ಕರೆಸಿಕೊಂಡವಳು. ಮೌಂಟನ್ ವ್ಯೂ ಅನ್ನುವ ಊರಿನ ಅಪಾರ್ಟ್‌ಮೆಂಟಿನಲ್ಲಿ ಅಕ್ಕ, ಭಾವ, ಅವರ ಎಂಟು ವರ್ಷದ ಮಗಳು ಲೀನಾ, ಹಾಲ್‌ನ ಸೋಫಾದ ಮೇಲೆ ನಾನು. ಭಾವ ಭಾನುವಾರ ಮಲಗುವ ಧರ್ಮದವರು. ಹಾಗಾಗಿ ಚರ್ಚಿಗೆ ಹೋಗುವವರು ನಾವು ಮೂವರೇ.

ಚರ್ಚು ಪಕ್ಕದೂರು ಲಾಸ್ ಆಲ್ಟೋಸಿನ ಅಂಚಿನಲ್ಲಿತ್ತು. ಬಿಳೀ ಬಣ್ಣದ ಮರದ ಸಣ್ಣ ಕಟ್ಟಡ, ಪಕ್ಕದಲ್ಲಿ ಹಳೇ ಏಪ್ರಿಕಾಟ್ ಗಿಡಗಳು. ಕಾಂಗ್ರಿಗೇಶನಲ್ ಚರ್ಚು ಅಂತ ಬೋರ್ಡು. ಅದರ ಅರ್ಥ ನನಗೆ ತಿಳಿದಷ್ಟು ಹೇಳುತ್ತೇನೆ: ಮೇಲೆ ಬಿಷಪ್ಪು ಇಲ್ಲ, ದೊಡ್ಡ ಆಫೀಸು ಇಲ್ಲ. ಎಲ್ಲವನ್ನೂ ಸಭೆಯವರೇ ಕೂತು ಕೈ ಎತ್ತಿ ತೀರ್ಮಾನ ಮಾಡಬೇಕು. ಬಾಗಿಲಿಗೆ ಯಾವ ಬಣ್ಣ? ಕೈ ಎತ್ತಿ. ಕಾಫಿಯ ಜೊತೆ ಬಿಸ್ಕತ್ತೋ ಕೇಕೋ? ಕೈ ಎತ್ತಿ. ಬೆಟಗೇರಿಯಲ್ಲಿ ಹಿರಿಯರು ನಿರ್ಧಾರ ಮಾಡುತ್ತಿದ್ದರು, ನಾವು ಆಮೆನ್ ಅನ್ನುತ್ತಿದ್ದೆವು. ಕಿಟಕಿ ತೆಗೆಯಲೋ ಬೇಡವೋ ಅಂತಲೂ ನನ್ನನ್ನು ಕೇಳಿದವರಿಲ್ಲ. ಇಲ್ಲಿ ನಮ್ಮನ್ನು ಸದಸ್ಯರಾಗಿ ಸೇರಿಸಿಕೊಂಡ ಮೇಲೆ ನನಗೆ ಹಬ್ಬ. ಪರವಾಗಿಯೂ ಕೈ ಎತ್ತಿದೆ, ವಿರೋಧವಾಗಿಯೂ ಎತ್ತಿದೆ. ಸಭೆ ನಡೆಸುವ ಹೆರಾಲ್ಡ್ ಅನ್ನುವ ಮುದುಕರು ಎಣಿಸಿ ನೋಡಿ, ಇದ್ದ ಜನಕ್ಕಿಂತ ಓಟು ಜಾಸ್ತಿ ಬಂದು ಕನ್ನಡಕ ಒರೆಸಿಕೊಂಡರು.

"ಸ್ಯಾಮ್, ಒಂದು ಕಡೆ ಎತ್ತಬೇಕಪಾ."

"ಎರಡೂ ಕಡೆಯವರು ಹೇಳೋದು ಖರೇನ ಐತಲ್ರಿ."

ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ನಾನು ಹೇಳಿದ್ದೂ ನನ್ನ ಮುರುಕು ಇಂಗ್ಲಿಷಿನಲ್ಲಿ. ಆದರೆ ನನ್ನ ತಲೆಯಲ್ಲಿ ಹೆರಾಲ್ಡರು ಬೆಟಗೇರಿಯ ಕನ್ನಡವನ್ನೇ ಮಾತಾಡುತ್ತಾರೆ. ಹಾಗೇ ಬರೆಯುತ್ತೇನೆ. ನಿಮಗೂ ಸಲೀಸು, ನನಗೂ ಸಲೀಸು.

ಇಲ್ಲಿಯ ಬೇಸಿಗೆ ಜೂನಿನಿಂದ ಆಗಸ್ಟಿನವರೆಗೆ. ಗುಡ್ಡದ ಹುಲ್ಲೆಲ್ಲ ಒಣಗಿ ಹಳದಿ ಆಗುತ್ತದೆ. ಇಲ್ಲಿಯವರು ಅದನ್ನು ಬಂಗಾರದ ಗುಡ್ಡ ಅಂತಾರೆ. ಒಣಹುಲ್ಲು ಒಣಹುಲ್ಲೇ. ಆ ಮೂರು ತಿಂಗಳು ಚರ್ಚಿಗೆ ಚರ್ಚೇ ರಜೆ ಹಾಕಿದ ಹಾಗೆ. ಹಾಡುವ ಗುಂಪಿಗೆ ರಜೆ. ಪಾಸ್ಟರು ಆಗಸ್ಟಿನಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮೀನು ಹಿಡಿಯಲು ಬೆಟ್ಟಕ್ಕೆ ಹೋಗಿಬಿಡುತ್ತಿದ್ದರು. ಬೆಟಗೇರಿಯಲ್ಲಿ ಪಾದ್ರಿಗಳು ಮೀನು ಹಿಡಿಯಲು ಹೋದರೆ ಊರೆಲ್ಲ ಸುದ್ದಿ. ಇಲ್ಲಿ ಎಲ್ಲರೂ ಕೈ ಬೀಸಿ, ದೊಡ್ಡದು ಹಿಡಿದು ತರ್ರಿ ಅಂತ ಕಳಿಸುತ್ತಿದ್ದರು. ಅವರು ಇಲ್ಲದ ಭಾನುವಾರಗಳಲ್ಲಿ ಸದಸ್ಯರೇ ಒಬ್ಬೊಬ್ಬರಾಗಿ ಆರಾಧನೆ ನಡೆಸಬೇಕು. ಒಬ್ಬರು ತಮ್ಮ ನಾಯಿಯ ಬಗ್ಗೆ ಮಾತಾಡಿದರು. ಇನ್ನೊಬ್ಬರು ಊರೂರು ಸುತ್ತಿದ ಸ್ಲೈಡು ತೋರಿಸಿದರು. ಪ್ರೊಜೆಕ್ಟರಿನ ಬಲ್ಬು ಸುಟ್ಟುಹೋಯಿತು, ಎಲ್ಲರೂ ಬೇಗ ಲಿಂಬೆ ಪಾನಕ ಕುಡಿಯಲು ಹೋದರು. ಒಳ್ಳೆಯ ಆರಾಧನೆ.

ಜೂನಿನ ಸಭೆಯಲ್ಲಿ ಕಿಟಕಿಯ ಪರದೆ ತೆಗೆಯುವ ಓಟು ನಡೆಯುತ್ತಿತ್ತು. ನನ್ನ ಕೈ ಮೇಲಿತ್ತು. ಓಟು ಮುಗಿಯಿತು, ಕೈ ಇಳಿಸಲು ಮರೆತೆ. ಹೆರಾಲ್ಡರು ಮುಂದಿನ ವಿಷಯಕ್ಕೆ ಹೋದರು: "ಆಗಸ್ಟಿನ ಕಡೇ ಭಾನುವಾರ ಯಾರು ನಡಸ್ತೀರಿ?" ತಲೆ ಎತ್ತಿ ನೋಡಿದರು. ಒಂದೇ ಕೈ. ನನ್ನದು.

"ಸ್ಯಾಮ್! ಭಾಳ ಸಂತೋಷಪಾ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಯಾರಿಗೆ ಅಂತ ಆಮೇಲೆ ತಿಳಿಯಿತು.

ಕಾರಿನಲ್ಲಿ ಅಕ್ಕ ಬೆಂಕಿ.

"ನಿನ್ನ ಕೈಗೆ ಏನ ಬಂದಿತ್ತೋ? ನೀ ಇಂಗ್ಲಿಷಿನ್ಯಾಗ ಪ್ರಾರ್ಥನಾ ಮಾಡಿದ್ರ ದೇವರಿಗೇ ತಿಳಿಯಂಗಿಲ್ಲ!"

"ದೇವರಿಗೆ ಕನ್ನಡ ಬರ್ತೈತಿ."

"ಅವ್ರಿಗೆ ಬರ್ತೈತೇನು? ನೋಡ್, ನಾ ಈಗ ಹೇಳೇನಿ. ನೀ ಅಲ್ಲಿ ಹುಚ್ಚಾಟ ಮಾಡಿ ನಮ್ಮನ್ನ ನಗಿಪಾಟಲಾ ಮಾಡಿದ್ರ, ನಾ ಆ ಚರ್ಚಿನ ಮೆಟ್ಲಾ ಮತ್ತ ಹತ್ತಂಗಿಲ್ಲ. ಒಂದ ಸಲ ಆಗಿದ್ದು ಸಾಕು."

ಹಿಂದಿನ ಸೀಟಿನಿಂದ ಲೀನಾ, "ಅಮ್ಮಾ, ಹೀ ವಿಲ್ ಬಿ ಫನ್ನಿ" ಅಂದಳು.

"ಅದ ಹೆದರಿಕಿ ನನಗ" ಅಂದಳು ಅಕ್ಕ.

ಒಂದು ಸಲ ಆಗಿದ್ದು ಏನು ಅಂತ ನಿಮಗೆ ಹೇಳಬೇಕು. ಅಪ್ಪನ ಗಂಟಲು ನಮ್ಮಿಬ್ಬರಲ್ಲಿ ಪಾಲಾಗಿದೆ. ಗಟ್ಟಿ ನನಗೆ ಬಂತು, ಇಂಪು ಅವಳಿಗೆ. ಬೆಟಗೇರಿಯಲ್ಲಿ ಅಕ್ಕ ಹಾಡಿದರೆ ಹೊರಗೆ ಬೀಡಿ ಸೇದುತ್ತ ನಿಂತ ಗಂಡಸರು ಬೀಡಿ ಆರಿಸಿ ಒಳಗೆ ಬರುತ್ತಿದ್ದರು. ಲಾಸ್ ಆಲ್ಟೋಸಿನ ಚರ್ಚಿಗೆ ಹೋದ ಮೊದಲನೇ ಭಾನುವಾರ ಪಿಯಾನೋದಲ್ಲಿ ಒಂದು ರಾಗ ಬಂತು. ನಮ್ಮೂರ ಹಾಡಿನದೇ ರಾಗ. ಅಕ್ಕನಿಗೆ ತಾನು ಎಲ್ಲಿದ್ದೇನೆ ಅನ್ನುವುದು ಮರೆತಿರಬೇಕು. ಕಣ್ಣು ಮುಚ್ಚಿ ಕನ್ನಡದ ಮಾತಿನಲ್ಲೇ ಪೂರ್ತಿ ದನಿ ಬಿಟ್ಟು ಹಾಡಿದಳು. ಮುಂದಿನ ಬೆಂಚಿನ ಎಡ್ನಾ ಅನ್ನುವ ಅಜ್ಜಿ ಪೂರ್ತಿ ತಿರುಗಿ ಕೂತು ನೋಡಿದರು. ಅವರನ್ನು ನೋಡಿ ಇನ್ನೂ ನಾಲ್ಕು ತಲೆ ತಿರುಗಿದವು. ಅಕ್ಕ ಕಣ್ಣು ತೆಗೆದಳು, ತಲೆಗಳನ್ನು ಕಂಡಳು, ಬಾಯಿ ಮುಚ್ಚಿದಳು. ಕಾಫಿಯ ಹೊತ್ತಿಗೆ ಎಡ್ನಾ ಬಂದು, "ಏನ ದನಿನವಾ ನಿಂದು!" ಅಂದರು. ಅಷ್ಟು ಜೋರು ಬೇಡ ಅಂತ ಹೇಳಿದರು ಅಂತ ಅಕ್ಕ ತಿಳಿದಳು. ಇಲ್ಲಿಯವರು ಬೈಯುವುದಿದ್ದರೂ ನಕ್ಕೇ ಬೈಯುತ್ತಾರೆ ಅಂತ ಅವಳ ವಾದ. ಆಸ್ಪತ್ರೆಯಲ್ಲಿ ಕಲಿತದ್ದಂತೆ. ಆವತ್ತಿನಿಂದ ಚರ್ಚಿನಲ್ಲಿ ಅವಳು ತುಟಿ ಮಾತ್ರ ಆಡಿಸುತ್ತಾಳೆ. ಮನೆಯಲ್ಲಿ ಪಾತ್ರೆ ತೊಳೆಯುವಾಗ ಹಾಡುತ್ತಾಳೆ, ಅದೂ ನಲ್ಲಿ ಜೋರಾಗಿ ಬಿಟ್ಟು.

ಜುಲೈ ಹೋಯಿತು. ನನ್ನ ಪ್ರಸಂಗ, ಅಂದರೆ ಆರಾಧನೆಯಲ್ಲಿ ಮಾಡಬೇಕಾದ ಉಪದೇಶ, ಒಂದು ಸಾಲೂ ಮುಂದೆ ಹೋಗಲಿಲ್ಲ. ಲೀನಾಳನ್ನು ಕೂರಿಸಿಕೊಂಡು ಇಂಗ್ಲಿಷ್ ಬೈಬಲ್ ಓದಿ ನೋಡಿದೆ. ಅವಳು ಒಂದೊಂದು ಶಬ್ದಕ್ಕೂ "ನೋ, ಮಾಮಾ" ಅಂದಳು. ಕಡೆಗೆ ಶಬ್ದ ಬಿಟ್ಟು ನಾನು ಉಸಿರು ಎಳೆದುಕೊಂಡರೂ "ನೋ, ಮಾಮಾ" ಅನ್ನತೊಡಗಿದಳು.

ಆ ವರ್ಷ ತರಕಾರಿ ಮಾತ್ರ ವಿಪರೀತ ಬಂತು. ಇಲ್ಲಿ ಝುಕಿನಿ ಅಂತ ಒಂದು ಕಾಯಿ ಇದೆ. ನೋಡಲು ಸೌತೆಕಾಯಿ, ರುಚಿಯಲ್ಲಿ ಏನೂ ಅಲ್ಲ. ಒಂದು ಗಿಡ ಹಾಕಿದವರು ಇಡೀ ಓಣಿಗೆ ಹಂಚಬೇಕು. ಚರ್ಚಿನಲ್ಲಿ ಎಲ್ಲರ ಹಿತ್ತಲಲ್ಲೂ ಅದೇ. ಆಗಸ್ಟಿನಲ್ಲಿ ಆರಾಧನೆ ಮುಗಿಸಿ ಬಂದರೆ ಕಾರಿನ ಸೀಟಿನ ಮೇಲೆ ಯಾರೋ ಝುಕಿನಿ ಇಟ್ಟು ಹೋಗಿರುತ್ತಿದ್ದರು. ನಾವು ಅದನ್ನು ಒಯ್ದು ಇನ್ನೊಬ್ಬರ ಕಾರಿನಲ್ಲಿ ಇಡುತ್ತಿದ್ದೆವು. ಯಾರ ಕಾಯಿ ಯಾರಿಗೂ ಬೇಡ.

ನನ್ನದೂ ಒಂದು ಬೆಳೆ ಇತ್ತು. ಅವ್ವ ಚಟ್ನಿಪುಡಿಯ ಪೊಟ್ಟಣದಲ್ಲಿ ಮುಳಗಾಯಿ ಬೀಜ ಕಟ್ಟಿ ಕಳಿಸಿದ್ದಳು. ಮುಳಗಾಯಿ ಅಂದರೆ ನಮ್ಮ ಕಡೆಯ ಹಸಿರು ಬದನೆ, ತೊಟ್ಟಿನ ಮೇಲೆ ಮುಳ್ಳು. ಚರ್ಚಿನ ಹಿಂದೆ ನಲ್ಲಿಯ ಪಕ್ಕದ ಜಾಗದಲ್ಲಿ ಹಾಕಲೇ ಅಂತ ಕೇಳಿದ್ದೆ. ಅದಕ್ಕೂ ಓಟು ಆಗಿತ್ತು. ಅಕ್ಕ ಪ್ರತಿ ಭಾನುವಾರ ಆ ಗಿಡಗಳ ಮುಂದೆ ನಿಂತು ಕಾಯಿ ಮುಟ್ಟಿ ನೋಡಿ, "ಇನ್ನೂ ಎಳೇವು, ತಡಿ" ಅಂತ ಹೇಳಿ ಹೋಗುತ್ತಿದ್ದಳು. ಎಣ್ಣೆಗಾಯಿ ತಿಂದು ಅವಳಿಗೆ ಎಷ್ಟು ವರ್ಷವಾಗಿತ್ತೋ.

ನನ್ನ ಭಾನುವಾರದ ಹಿಂದಿನ ಭಾನುವಾರ ನಮ್ಮ ಕಾರಿನಲ್ಲಿ ಮತ್ತೆ ಝುಕಿನಿ. ಅಕ್ಕ ಬಾಗಿಲು ತೆಗೆದು, "ಅಯ್ಯ, ಇದು ಬೆಟಗೇರಿ ತತ್ತಿ ಆತಲ್ಲೋ, ಊರೆಲ್ಲಾ ಸುತ್ತತೈತಿ" ಅಂದಳು. ನನಗೆ ತಕ್ಷಣ ಅಪ್ಪನ ದನಿ ಕೇಳಿಸಿತು. ಪ್ರಸಂಗ ಸಿಕ್ಕಿತು. ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಿದ್ದಳು, ನಾನು ಹೂಂ ಅಂತ ಕೈ ಎತ್ತುತ್ತಿದ್ದೆ.

ಎಡ್ನಾ ಅಜ್ಜಿಗೆ ಮಾತ್ರ ಫೋನು ಮಾಡಿ, ಎಲ್ಲರೂ ತಮ್ಮ ಹಿತ್ತಲದ್ದು ಏನಾದರೂ ತರಲಿ ಅಂತ ಹೇಳಿಸಿದೆ.

ಕಡೇ ಭಾನುವಾರ ಬೆಳಿಗ್ಗೆ ಮಂಜು ಇತ್ತು, ಹತ್ತರ ಹೊತ್ತಿಗೆ ಬಿಸಿಲು. ಆರಾಧನೆಯ ನಂತರ ಎಲ್ಲರೂ ಕೂಡಿ ಮಾಡುವ ಊಟಕ್ಕೆ ಚರ್ಚಿನೊಳಗೆ ಹಾಕಿದ್ದ ಮೇಜುಗಳ ಮೇಲೆ ಝುಕಿನಿ, ಟೊಮೇಟೊ, ಪ್ಲಮ್ಮು, ಲಿಂಬೆ. ಬೆಳ್ಳುಳ್ಳಿಗೆ ಹೆಸರಾದ ಗಿಲ್‌ರಾಯ್‌ನಲ್ಲಿ ಮಗಳಿರುವ ಒಬ್ಬರು ಬೆಳ್ಳುಳ್ಳಿಯ ಜಡೆಯನ್ನೇ ತಂದಿದ್ದರು. ಚರ್ಚೆಲ್ಲ ಅದರ ವಾಸನೆ. ನನ್ನ ಮುಳಗಾಯಿಗಳನ್ನು ಕಿತ್ತು ಒಂದು ಬುಟ್ಟಿಯಲ್ಲಿ ಇಟ್ಟೆ. ಅಕ್ಕ ಬುಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು, ಹೋಗಿ ಕಡೇ ಬೆಂಚಿನಲ್ಲಿ ಬಾಗಿಲ ಹತ್ತಿರ ಕೂತಳು. ಮಡಿಲಲ್ಲಿ ಪರ್ಸು, ಕೈಯಲ್ಲಿ ಕಾರಿನ ಕೀಲಿ.

ನಾನು ಮುಂದೆ ನಿಂತೆ. ಪ್ರಾರ್ಥನೆ ಕನ್ನಡದಲ್ಲಿ ಮಾಡಿದೆ. ಸಣ್ಣದು: ದೇವರೇ, ಬೆಳೆ ಕೊಟ್ಟಿ, ಜಾಸ್ತಿ ಕೊಟ್ಟಿ, ಥ್ಯಾಂಕ್ಸು. ಎಲ್ಲರೂ ಆಮೆನ್ ಅಂದರು. ಆಮೇಲೆ ಇಂಗ್ಲಿಷಿನಲ್ಲಿ, ನಮ್ಮೂರಲ್ಲಿ ಬೆಳೆ ಬಂದಾಗ ದೇವರ ಮುಂದೆ ಇಟ್ಟು ಹರಾಜು ಕೂಗುತ್ತಾರೆ, ನಮ್ಮಪ್ಪ ಕೂಗುತ್ತಿದ್ದರು, ಇವತ್ತು ನಾನು ಕೂಗುತ್ತೇನೆ ಅಂದೆ. ಪ್ರಸಂಗ ಅಷ್ಟೇ.

ಹೆರಾಲ್ಡರು ಎದ್ದು ನಿಂತರು.

"ಸ್ಯಾಮ್, ಚರ್ಚಿನ್ಯಾಗ ಹರಾಜು ಮಾಡಬೇಕಂದ್ರ ಸಭಾದ ಒಪ್ಪಿಗಿ ಬೇಕಪಾ."

"ಈಗ ಸಭಾ ಕುಂತೈತಲ್ರಿ. ಕೇಳ್ರಿ."

ಆರಾಧನೆಯ ನಡುವೆ ಓಟು ಶುರುವಾಯಿತು. ಒಬ್ಬರು ದೇವರ ದಿನ ರೊಕ್ಕದ ವ್ಯವಹಾರ ಬೇಡ ಅಂದರು. ಇನ್ನೊಬ್ಬರು ಹಾಗಾದರೆ ರೊಕ್ಕ ಬಿಟ್ಟು ಬೇರೆ ಏನಾದರೂ ಕೊಡಲಿ ಅಂದರು. ಏನು ಕೊಡುವುದು ಅಂತ ಚರ್ಚೆ. ಕಡೆಗೆ ಎಡ್ನಾ ಅಜ್ಜಿ ಕೋಲು ಕುಟ್ಟಿ, "ಕೈಲಾಗೋದು ಕೊಡ್ರಿ! ಮಾತು ಸಾಕು, ಟೊಮೇಟೊ ಬಾಡಾಕತ್ತಾವು" ಅಂದರು. ಓಟು ಪಾಸಾಯಿತು. ಹಿಂದೆ ನೋಡಿದೆ. ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಕೀಲಿ ಗಟ್ಟಿಯಾಗಿ ಹಿಡಿದಿದ್ದಳು.

ಮೊದಲು ಝುಕಿನಿ ಎತ್ತಿದೆ. ಅಪ್ಪನ ದನಿ ಎಲ್ಲಿಂದ ಬಂತೋ, ಕಿಟಕಿಯ ಗಾಜು ಝುಂ ಅಂತು. ಒಂದು ಮಗು ಅತ್ತಿತು. "ಯಾರು ಏನ್ ಕೊಡ್ತೀರಿ?"

ಒಬ್ಬರು, ಒಂದು ಶನಿವಾರ ಅಂಗಳದ ಕಳೆ ಕೀಳುತ್ತೇನೆ ಅಂದರು. ಇನ್ನೊಬ್ಬರು, ಕಳೆ ಮತ್ತು ಎಲೆ. ಮೂರನೆಯವರು, ಕಳೆ, ಎಲೆ, ಮಾಡಿನ ಮಳೆನೀರಿನ ದೋಣಿಯ ಕಸ. ಝುಕಿನಿಗೆ! ಹೋದ ವಾರ ಕಾರಿನ ಬಾಗಿಲಿಗೆ ಕೀಲಿ ಹಾಕಿಕೊಂಡು ಓಡಾಡಿದ ಜನ ಬೆಂಚಿನಿಂದ ಎದ್ದು ನಿಂತು ಝುಕಿನಿಗೆ ಕಿತ್ತಾಡಿದರು. ಹೆರಾಲ್ಡರು ಪ್ಲಮ್ಮಿಗಾಗಿ ಎಡ್ನಾ ಅಜ್ಜಿಯ ಬೇಲಿಗೆ ಬಣ್ಣ ಹಚ್ಚಲು ಒಪ್ಪಿದರು. ಎಡ್ನಾ ಬೆಳ್ಳುಳ್ಳಿ ಜಡೆಗಾಗಿ ಲೀನಾಳಿಗೆ ಪಿಯಾನೋ ಕಲಿಸಲು ಒಪ್ಪಿದರು. ಲೀನಾ, "ಮಾಮಾ, ನೋ!" ಅಂತ ಕಿರುಚಿದಳು. ಜನ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಅಕ್ಕ ಹೇಳಿದ್ದು ಇದನ್ನೇ, ನಗಿಪಾಟಲು. ನಾನು ಮತ್ತೆ ಹಿಂದೆ ನೋಡಿದೆ. ಅಕ್ಕ ಎದ್ದು ನಿಂತಿದ್ದಳು. ಹೋದಳು ಅಂದುಕೊಂಡೆ. ಬಾಗಿಲು ಅವಳ ಪಕ್ಕದಲ್ಲೇ.

ಉಳಿದದ್ದು ಮುಳಗಾಯಿ ಬುಟ್ಟಿ ಒಂದೇ. ಎತ್ತಿದೆ. ನನ್ನ ದನಿ ಅರ್ಧ ಆಗಿತ್ತು. ಇದು ನಮ್ಮೂರಿನ ಬೀಜ, ಅವ್ವ ಕಳಿಸಿದ್ದು ಅಂದೆ. ಯಾರಿಗೂ ಅದು ಏನು ಅಂತ ಗೊತ್ತಿಲ್ಲ. ಹೆರಾಲ್ಡರು ದಾಕ್ಷಿಣ್ಯಕ್ಕೆ, "ಕುರ್ಚಿ ಮಡಚಿ ಇಡ್ತೇನಿ" ಅಂದರು.

"ಒಂದನೇ ಸಲ" ಅಂದೆ. ಅಕ್ಕ ನಿಂತೇ ಇದ್ದಳು.

"ಎರಡನೇ ಸಲ."

"ತಡಿಯೋ ಸಾಮ್ಯಾ!"

ಹಿಂದಿನ ಬೆಂಚಿನಲ್ಲಿ ಒಂದು ಕೈ ಮೇಲೆ ಹೋಗಿತ್ತು. ಕಾರಿನ ಕೀಲಿ ಆ ಕೈಯಲ್ಲೇ ನೇತಾಡುತ್ತಿತ್ತು.

"ಹೆರಾಲ್ಡಜ್ಜಾಗ ಅದರ ಎಣ್ಣೆಗಾಯಿ ಮಾಡಾಕ ಬರ್ತೈತೇನು? ಹಾಳ ಮಾಡ್ತಾನ" ಅಂತ ನನಗೆ ಕನ್ನಡದಲ್ಲಿ ಬೈದಳು. ಆಮೇಲೆ ಸಭೆಗೆ ಇಂಗ್ಲಿಷಿನಲ್ಲಿ, ಸಣ್ಣ ದನಿಯಲ್ಲಿ ಹೇಳಿದಳು: "ಒಂದು ಹಾಡು."

ನಾನು ಮೂರನೇ ಸಲ ಅಂತ ಎಷ್ಟು ಬೇಗ ಅಂದೆ ಅಂದರೆ, ಹೆರಾಲ್ಡರಿಗೆ ಬಾಯಿ ತೆಗೆಯಲೂ ಆಗಲಿಲ್ಲ.

ಅಕ್ಕ ಮುಂದೆ ಬರಲಿಲ್ಲ. ಅಲ್ಲೇ ಬಾಗಿಲ ಹತ್ತಿರ ನಿಂತು, ಕಣ್ಣು ಮುಚ್ಚಿ ಹಾಡಿದಳು. ಪಿಯಾನೋ ಇಲ್ಲ. ಸುಗ್ಗಿ ಹಬ್ಬದ ದಿನ ನಮ್ಮೂರಲ್ಲಿ ಹಾಡುವ ಹಾಡು. ಮೊದಲನೇ ಸಾಲು ಸ್ವಲ್ಪ ನಡುಗಿತು, ಎರಡನೇ ಸಾಲಿಗೆ ದನಿ ಹಾದಿಗೆ ಬಂತು. ಹಾಡು ಹೇಗಿತ್ತು ಅಂತ ಬಣ್ಣಿಸಲು ನನಗೆ ಬರುವುದಿಲ್ಲ. ಹೊರಗೆ ಮಕ್ಕಳು ಚೆಂಡಾಟ ನಿಲ್ಲಿಸಿ ಕಿಟಕಿಗೆ ಬಂದರು, ಅಷ್ಟು ಹೇಳುತ್ತೇನೆ. ಎಡ್ನಾ ಅಜ್ಜಿ ಮೊದಲನೇ ಭಾನುವಾರದ ಹಾಗೆಯೇ ಪೂರ್ತಿ ತಿರುಗಿ ಕೂತಿದ್ದರು. ಈ ಸಲ ಎಲ್ಲ ತಲೆಗಳೂ ತಿರುಗಿದ್ದವು. ಅಕ್ಕ ನಡುವೆ ಒಮ್ಮೆ ಕಣ್ಣು ತೆಗೆದಳು, ಕಂಡಳು, ಹಾಡು ನಿಲ್ಲಿಸಲಿಲ್ಲ.

ಮುಗಿದ ಮೇಲೆ ಎಡ್ನಾ ಅಂದರು, "ಅಂತೂ ಹಾಡಿದೆಲ್ಲವಾ! ಆ ದನಿ ಮತ್ತ ಯಾವಾಗ ಬರ್ತೈತಿ ಅಂತ ವಾರವಾರ ಹಿಂದ ತಿರುಗಿ ತಿರುಗಿ ನನ್ನ ಕುತ್ತಿಗಿ ಹಿಡಕೊಂಡೈತಿ."

ಅಕ್ಕ ಕಾರಿನ ಕೀಲಿಯನ್ನು ಪರ್ಸಿನೊಳಗೆ ಹಾಕಿದಳು.

ನಾನು ಬುಟ್ಟಿ ಹಿಡಿದು ಅವಳ ಕಡೆ ಹೊರಟೆ. ಹೆರಾಲ್ಡರು ಕೈ ಎತ್ತಿದರು. ನಿಯಮದ ಮನುಷ್ಯ. ಇದೆಲ್ಲ ಸರಿ ಇಲ್ಲ ಅಂತಾರೆ ಅಂದುಕೊಂಡೆ. ಅವರಿಗೆ ಬೆಟಗೇರಿಯ ಮೊಟ್ಟೆಯ ಕಥೆಯನ್ನು ಯಾರೂ ಹೇಳಿರಲಿಲ್ಲ. ದೇವರಾಣೆ, ನಾನಂತೂ ಹೇಳಿರಲಿಲ್ಲ.

"ಆ ಬುಟ್ಟಿ ಮತ್ತ ಸವಾಲಿಗೆ ಇಡಬೇಕಂತ ನನ್ನ ಸೂಚನಾ" ಅಂದರು.

"ನನ್ನ ಅನುಮೋದನಾ!" ಅಂದರು ಎಡ್ನಾ.

"ಪರ ಇರೋರು?"

ಎಲ್ಲ ಕೈಗಳೂ ಮೇಲೆ. ಲೀನಾ ಬೆಂಚು ಹತ್ತಿ ನಿಂತು ಎತ್ತಿದಳು. ನಾನು ಬುಟ್ಟಿ ಕೆಳಗಿಟ್ಟು ಎರಡೂ ಕೈ ಎತ್ತಿದೆ.

"ವಿರೋಧ ಇರೋರು?"

ಬಾಗಿಲ ಹತ್ತಿರ ಒಂದೇ ಕೈ ಮೇಲೆ ಹೋಯಿತು. ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ಬಾಯಿ ಮುಚ್ಚಿಕೊಂಡು, ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದಳು ಅಕ್ಕ.

ಒಂದೇ ಓಟು. ಬಿದ್ದುಹೋಯಿತು. ಬುಟ್ಟಿ ಬಿಡಿಸಿಕೊಳ್ಳಲು ಅಕ್ಕ ಇನ್ನೊಂದು ಹಾಡು ಹಾಡಬೇಕಾಯಿತು.